ಪ್ರತಿಕ್ರಿಯೆ: ಉದ್ಯಾನದ ಬೆಂಚಿನ ಮೇಲೆ ಪಕ್ಷದ ಚಿಹ್ನೆ

ಮುಂಬೈನ ಮುಲುಂಡಿನ ಉದ್ಯಾನದಲ್ಲಿ ಶಾಸಕರ ನಿಧಿಯಿಂದ ಹಾಕಿದ ಬೆಂಚುಗಳ ಮೇಲೆ ಪಕ್ಷದ ಚಿಹ್ನೆ ಬಳಿದಿದ್ದಾರೆ, ಇದು ಸರಿಯೇ ಎಂದು ಕೇಳಿದ್ದೀರಿ. ಖಂಡಿತ ಸರಿಯಲ್ಲ. ಅದು ನಮ್ಮ ನಿಮ್ಮ ತೆರಿಗೆ ದುಡ್ಡು. ಸಾರ್ವಜನಿಕ ಹಣ, ಜಾಗ, ಸರ್ಕಾರಿ ಯಂತ್ರಾಂಗ ಯಾವುದನ್ನೂ ಪಕ್ಷದ ಅಥವಾ ಚಿಹ್ನೆಯ ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗ 2016ರ ಅಕ್ಟೋಬರ್‌ನಲ್ಲೇ ಪಕ್ಷಗಳಿಗೆ ನಿರ್ದೇಶನ ಕೊಟ್ಟಿದೆ. ಉತ್ತರ ಪ್ರದೇಶದ ಉದ್ಯಾನಗಳಲ್ಲಿ ನಿಲ್ಲಿಸಿದ್ದ, ಬಿಎಸ್‌ಪಿ ಪಕ್ಷದ ಚಿಹ್ನೆಯಾದ ಆನೆಯ ಪ್ರತಿಮೆಗಳ ವ್ಯಾಜ್ಯದಿಂದ ಹುಟ್ಟಿದ ಆದೇಶವದು. ಶಾಸಕರ ಹೆಸರಿನ ಫಲಕದ ಮಾತು ಬೇರೆ.

ಮೊದಲು ಫೋಟೊ ತೆಗೆದಿಡಿ, ರಾತ್ರೋರಾತ್ರಿ ಚಿಹ್ನೆಯ ಮೇಲೆ ಬಣ್ಣ ಬಳಿದು ಮುಚ್ಚಿಬಿಟ್ಟಾರು. ಆಮೇಲೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ, ಬಾಂದ್ರಾದ ಉಪನಗರ ಜಿಲ್ಲಾಧಿಕಾರಿ ಕಚೇರಿಯಿಂದ ಬೆಂಚುಗಳ ಮಂಜೂರಾತಿ ಆದೇಶದ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ಅರ್ಜಿ ಮರಾಠಿಯಲ್ಲೇ ಇರಲಿ. ಪ್ರತಿ ಸಿಕ್ಕ ಮೇಲೆ ಫೋಟೊ ಸಮೇತ ಚುನಾವಣಾ ಆಯೋಗಕ್ಕೆ ದೂರು ಕೊಡಿ, ಮುಲುಂಡನ್ನು ನೋಡಿಕೊಳ್ಳುವ ಪಾಲಿಕೆಯ ಟಿ ವಾರ್ಡ್ ಕಚೇರಿಗೂ ಒಂದು ನಕಲು ಕಳಿಸಿ.