ಭಾವನ ದೇಹವನ್ನು ಶಾರ್ಜಾದಿಂದ ಬದಿಯಡ್ಕಕ್ಕೆ ತರಿಸುವುದು ಹೇಗೆ?

ಭಾವ ಶಾರ್ಜಾದ ರೂಮಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು, ಅಕ್ಕ ಬದಿಯಡ್ಕದಲ್ಲಿದ್ದಾರೆ, ಅಲ್ಲಿ ಒಬ್ಬ ಏಜೆಂಟ್ ಎರಡು ಲಕ್ಷ ಕೇಳುತ್ತಿದ್ದಾನೆ, ಮಂಗಳೂರಿಗೆ ತರಿಸುವುದೋ ಕಣ್ಣೂರಿಗೋ ಗೊತ್ತಾಗುತ್ತಿಲ್ಲ ಅಂತ ಬರೆದಿದ್ದೀರಿ. ನಾನು ಪೆರ್ಲದವನು. 2022ರಲ್ಲಿ ನನ್ನ ಅಣ್ಣನೂ ಶಾರ್ಜಾದಲ್ಲಿ ಹೀಗೇ ಹೋದ. ಮನೆ ತಲುಪಲು ಒಂಬತ್ತು ದಿನ ಹಿಡಿಯಿತು. ಅದರಲ್ಲಿ ಮೂರು ದಿನ ನಮ್ಮ ತಪ್ಪಿನಿಂದಲೇ ಹೋಯಿತು. ನಿಮಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ಏಜೆಂಟನಿಗೆ ಈಗ ಒಂದು ರೂಪಾಯಿಯೂ ಕಳಿಸಬೇಡಿ. ಯುಎಇ ಕಾನೂನಿನಲ್ಲಿ ದೇಹ ಊರಿಗೆ ಕಳಿಸುವ ಖರ್ಚು ಕೆಲಸ ಕೊಟ್ಟ ಕಂಪನಿಯದು. ಮೊದಲು ಕಂಪನಿಯ ಸರಕಾರಿ ಕಾಗದಪತ್ರ ನೋಡುವ ಪಿಆರ್‌ಒಗೆ ಫೋನ್ ಮಾಡಿ, ಏನು ಹೇಳಿದರು ಅಂತ ಬರೆದಿಟ್ಟುಕೊಳ್ಳಿ. ಕಂಪನಿ ಕೈ ಎತ್ತಿದರೆ ದುಬೈಯ ಭಾರತೀಯ ಕಾನ್ಸುಲೇಟ್‌ಗೆ ಹೇಳಿ. ಶಾರ್ಜಾ ಅವರ ವ್ಯಾಪ್ತಿಗೇ ಬರುತ್ತದೆ, ಅಬುಧಾಬಿಯ ರಾಯಭಾರ ಕಚೇರಿಗೆ ಅಲೆಯಬೇಕಾಗಿಲ್ಲ. ಬೇರೆ ದಾರಿಯೇ ಇಲ್ಲದವರಿಗೆ ಅವರ ಬಳಿ ಇಂಡಿಯನ್ ಕಮ್ಯುನಿಟಿ ವೆಲ್‌ಫೇರ್ ಫಂಡ್ ಇದೆ. ನೀವು ಕಾಸರಗೋಡಿನವರು, ಅಂದರೆ ಹೊರದೇಶದಲ್ಲಿರುವ ಕೇರಳದವರಿಗಾಗಿ ಇರುವ ಕೇರಳ ಸರಕಾರದ ನೋರ್ಕಾ ಕೂಡ ನಿಮ್ಮದೇ. ಅವರ ಉಚಿತ ನಂಬರ್ 1800 425 3939. ಹಣ ಎಲ್ಲಿಂದಲೂ ಸಿಗದ ಮನೆಗೆ ‘ಕಾರುಣ್ಯಂ’ ಯೋಜನೆಯಲ್ಲಿ 50,000 ರೂಪಾಯಿವರೆಗೆ ಕೊಡುತ್ತಾರೆ.

ರೂಮಿನಲ್ಲಿ ತೀರಿಕೊಂಡದ್ದರಿಂದ ಪೊಲೀಸರು ಬಂದಿರುತ್ತಾರೆ, ದೇಹ ಫೊರೆನ್ಸಿಕ್‌ನವರ ಬಳಿ ಇರುತ್ತದೆ. ಸಾವಿನಲ್ಲಿ ಅನುಮಾನ ಇಲ್ಲ ಅಂತ ಅವರು ಬರೆದು ಕೊಡಬೇಕು, ಆಮೇಲೆ ಮರಣ ಪ್ರಮಾಣಪತ್ರ. ಅದು ಸಿಕ್ಕ ಮೇಲೆ ಕಾನ್ಸುಲೇಟ್‌ನವರು ಪಾಸ್‌ಪೋರ್ಟ್ ರದ್ದು ಮಾಡಿ, ದೇಹ ಕಳಿಸಲು ಅಡ್ಡಿಯಿಲ್ಲ ಅನ್ನುವ ಎನ್‌ಒಸಿ ಕೊಡುತ್ತಾರೆ. ನಂತರ ದೇಹ ಕೆಡದಂತೆ ಎಂಬಾಮಿಂಗ್, ವಿಮಾನದ ಕಾರ್ಗೋ ಬುಕಿಂಗ್. ಒಂದು ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ. ನಡುವೆ ವಾರದ ರಜೆ ಬಂದರೆ ಕಾಯಬೇಕಾಗಬಹುದು. ಅಣ್ಣನ ಪಾಸ್‌ಪೋರ್ಟ್ ಕಂಪನಿಯವರು ತೆಗೆದಿಟ್ಟುಕೊಂಡಿದ್ದರು, ಅದನ್ನು ಬಿಡಿಸಿಕೊಳ್ಳಲು ಒಂದು ದಿನ ಬೇಕಾಯಿತು. ನಿಮ್ಮ ಭಾವನದು ಎಲ್ಲಿದೆ ಅಂತ ಇವತ್ತೇ ಕೇಳಿ.

ನಾವು ನಿಜವಾಗಿ ಸಿಕ್ಕಿಬಿದ್ದದ್ದು ಅಧಿಕಾರಪತ್ರದಲ್ಲಿ. ಮನೆಯವರು ಅಲ್ಲಿರುವ ಒಬ್ಬರ ಹೆಸರಿಗೆ ‘ನಮ್ಮ ಪರವಾಗಿ ದೇಹ ತೆಗೆದುಕೊಂಡು ಊರಿಗೆ ಕಳಿಸಲಿ’ ಅಂತ ನೋಟರಿ ಮಾಡಿಸಿದ ಪತ್ರ ಕೊಡಬೇಕು. ಅತ್ತಿಗೆಯ ಹೆಸರು ಆಧಾರ್‌ನಲ್ಲಿ ಒಂದು ತರಹ, ಅಣ್ಣನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಇನ್ನೊಂದು ತರಹ. ನಮ್ಮ ಕಡೆ ಇದು ಮನೆಮನೆಯ ಕಥೆ ಅಲ್ವಾ? ಕನ್ನಡದ ಹೆಸರನ್ನು ಮಲಯಾಳದಲ್ಲಿ ಬರೆದು, ಅಲ್ಲಿಂದ ಇಂಗ್ಲಿಷಿಗೆ ತರುವಾಗ ಒಂದು ಅಕ್ಷರ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಮನೆಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಎರಡು ಸಲ ಪತ್ರ ವಾಪಸ್ ಬಂತು. ಪ್ರತಿ ಸಲವೂ ಅತ್ತಿಗೆಯನ್ನು ಕರೆದುಕೊಂಡು ಕಾಸರಗೋಡಿಗೆ ಹೋಗಬೇಕು. ಗಂಡ ಹೋದ ನಾಲ್ಕನೇ ದಿನ ಅವರನ್ನು ನೋಟರಿಯ ಬೆಂಚಿನಲ್ಲಿ ಕೂರಿಸಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ. ಆದ್ದರಿಂದ ಭಾವನ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಫೋಟೋ ತರಿಸಿಕೊಳ್ಳಿ. ಅಕ್ಕನ ಹೆಸರನ್ನು ಅದರಲ್ಲಿ ಇರುವ ಹಾಗೇ ಅಕ್ಷರ ಅಕ್ಷರ ನೋಡಿ ಇಂಗ್ಲಿಷಿನಲ್ಲಿ ಬರೆಸಿ. ಆಧಾರ್‌ನಲ್ಲಿ ಬೇರೆ ಇದ್ದರೆ ಎರಡೂ ಒಬ್ಬರದೇ ಅಂತ ಅದೇ ಪತ್ರದಲ್ಲಿ ಒಂದು ಸಾಲು ಸೇರಿಸಿ. ಯಾರ ಹೆಸರಿಗೆ ಪತ್ರ ಅನ್ನುವುದನ್ನೂ ಯೋಚಿಸಿ. ಏಜೆಂಟನಿಗೆ ಬೇಡ. ರೂಮಿನ ಜೊತೆಗಾರ, ಊರಿನವರು, ಯಾರಾದರೂ ಗುರುತಿನವರು ಇರಲಿ. ನಮಗೆ ಉಪ್ಪಳದ ಒಬ್ಬರು ಸಿಕ್ಕಿದರು, ಕೇರಳ ಮುಸ್ಲಿಂ ಕಲ್ಚರಲ್ ಸೆಂಟರ್ (ಕೆಎಂಸಿಸಿ) ಅನ್ನುವ ಅನಿವಾಸಿಗಳ ಸಂಘಟನೆಯವರು. ಅಣ್ಣನನ್ನು ಒಮ್ಮೆಯೂ ನೋಡಿದವರಲ್ಲ. ಕೆಲಸಕ್ಕೆ ರಜೆ ಹಾಕಿ ಓಡಾಡಿದರು, ಪೆಟ್ರೋಲಿನ ಹಣ ಕೂಡ ತೆಗೆದುಕೊಳ್ಳಲಿಲ್ಲ.

‘ಅಲ್ಲೇ ಮುಗಿಸಿಬಿಡಿ’ ಅಂತ ಹೇಳುವವರೂ ಇರುತ್ತಾರೆ. ದುಬೈಯ ಜೆಬೆಲ್ ಅಲಿಯಲ್ಲಿ ಹಿಂದೂಗಳ ಚಿತಾಗಾರ ಇದೆ, ಅದೂ ಒಂದು ದಾರಿ. ಆದರೆ ಅದನ್ನು ಅಕ್ಕ ಹೇಳಬೇಕು, ಕಂಪನಿ ಅಲ್ಲ.

ಮಂಗಳೂರೋ ಕಣ್ಣೂರೋ ಅಂದರೆ, ಬದಿಯಡ್ಕಕ್ಕೆ ಮಂಗಳೂರೇ ಹತ್ತಿರ. 2020ರಲ್ಲಿ ಕೊರೊನಾ ಸಮಯದಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದ ನೆನಪಿನಿಂದ ಈಗಲೂ ಕೆಲವರು ಕಣ್ಣೂರು ಅನ್ನುತ್ತಾರೆ, ಆ ಭಯ ಈಗ ಬೇಡ. ನೋರ್ಕಾದ ಉಚಿತ ಆಂಬುಲೆನ್ಸ್ ಮಂಗಳೂರು ವಿಮಾನ ನಿಲ್ದಾಣಕ್ಕೂ ಬರುತ್ತದೆ. ವಿಮಾನ ಗೊತ್ತಾದ ಕೂಡಲೇ ಅವರಿಗೆ ಹೇಳಿ. ನಿಲ್ದಾಣದ ಆರೋಗ್ಯ ಅಧಿಕಾರಿಯ ಒಪ್ಪಿಗೆಗೆ ಈಗ ಇ-ಕೇರ್ ಪೋರ್ಟಲ್ ಇದೆ, 2023ರಲ್ಲಿ ಬಂದದ್ದು. ಮರಣ ಪ್ರಮಾಣಪತ್ರ, ಎಂಬಾಮಿಂಗ್ ಪತ್ರ, ಎನ್‌ಒಸಿ, ರದ್ದಾದ ಪಾಸ್‌ಪೋರ್ಟಿನ ಪ್ರತಿ, ಈ ನಾಲ್ಕೂ ಫೋನಿನಲ್ಲಿ ಇರಲಿ. ಕಾರ್ಗೋ ಗೇಟಿಗೆ ಅಕ್ಕನನ್ನು ಕರೆದುಕೊಂಡು ಹೋಗಬೇಡಿ. ಅಲ್ಲಿ ಕಾಗದದಲ್ಲಿ ಹೆಸರಿನ ಜೊತೆ ಕಿಲೋ ಲೆಕ್ಕ ಬರೆದಿರುತ್ತದೆ. ಅಣ್ಣನನ್ನು ತೂಕದಲ್ಲಿ ಓದಿದ ಮೇಲೆ ಸಹಿ ಹಾಕಲು ನನಗೆ ಕೈ ಏಳಲಿಲ್ಲ. ನೀವು ಒಬ್ಬರೇ ಹೋಗಬೇಡಿ, ಗಟ್ಟಿ ಮನಸ್ಸಿನವರು ಒಬ್ಬರು ಜೊತೆಗಿರಲಿ.

ಸಂಬಳದ ಬಾಕಿ, ಗ್ರಾಚುಯಿಟಿ ವಿಷಯ ಆಮೇಲೆ ನೋಡೋಣ. ಯುಎಇಯಲ್ಲಿ ಗ್ರಾಚುಯಿಟಿ ಅಂದರೆ ಕೆಲಸದ ಮೊದಲ ಐದು ವರ್ಷದಲ್ಲಿ ಪ್ರತಿ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಎಲ್ಲ ಮುಗಿಯಿತು ಅಂತ ಕಂಪನಿ ಕೊಡುವ ಕಾಗದಕ್ಕೆ ದುಃಖದ ಗಡಿಬಿಡಿಯಲ್ಲಿ ಅಕ್ಕನಿಂದ ಸಹಿ ಹಾಕಿಸಬೇಡಿ. ಕಾನ್ಸುಲೇಟ್‌ನಲ್ಲಿ ಮರಣ ನೋಂದಣಿ ಆಯಿತಾ ಅಂತಲೂ ಕೇಳಿ. ಮುಂದೆ ಬ್ಯಾಂಕಿಗೆ, ಎಲ್‌ಐಸಿಗೆ, ಜಾಗದ ಹಕ್ಕಿಗೆ ಆ ಪ್ರಮಾಣಪತ್ರ ಬೇಕಾಗುತ್ತದೆ.

ಇನ್ನೊಂದು, ಕಾರ್ಗೋ ಬುಕಿಂಗ್ ಕೈಗೆ ಸಿಗುವವರೆಗೆ ಮನೆಯಲ್ಲಿ ದಿನ ಹೇಳಬೇಡಿ. ನಾನು ಅಮ್ಮನಿಗೆ ಬುಧವಾರ ಅಂದಿದ್ದೆ. ಅಣ್ಣ ಬಂದದ್ದು ಶುಕ್ರವಾರ. ಆ ಎರಡು ರಾತ್ರಿಯೂ ಅಮ್ಮ ಅಂಗಳದ ಲೈಟ್ ಆರಿಸಲು ಬಿಡಲಿಲ್ಲ.