ಉಂಗುರದ ಫೋಟೊ ಚೆನ್ನಾಗಿ ಬರಬೇಕಾ? ಮೊದಲು ಫೋನನ್ನು ಹಿಂದಕ್ಕೆ ತಗೊಳ್ಳಿ

ನಿಶ್ಚಿತಾರ್ಥದ ವಜ್ರದ ಉಂಗುರ ಅಂಗಡಿಯಲ್ಲಿ ಫಳಫಳ ಹೊಳೆಯುತ್ತಿತ್ತು, ಮನೆಗೆ ಬಂದು ಫೋನ್‌ನಲ್ಲಿ ತೆಗೆದರೆ ಹರಳು ಮಂಕು, ಚಿನ್ನ ಕಿತ್ತಳೆ ಬಣ್ಣ, ಬೆರಳು ಮಾತ್ರ ದಪ್ಪ ದಪ್ಪ ಅಂತ ಬರೆದಿದ್ದೀರಿ. ಹೊಸ ಫೋನ್ ತಗೊಳ್ಳಬೇಕಾ ಅಂತಲೂ ಕೇಳಿದ್ದೀರಿ. ಖಂಡಿತ ಬೇಡ. ನಾನು ಒಂದು ಚಿನ್ನದಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹೊಸ ಡಿಸೈನ್ ಬಂದಾಗ ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸೋ ಫೋಟೊ ತೆಗೆಯುವುದು ನನ್ನ ತಲೆಗೇ ಬಂದಿದೆ. ದೊಡ್ಡ ಕ್ಯಾಮೆರಾ ಏನೂ ಇಲ್ಲ, ಮಾಮೂಲಿ ಫೋನೇ.

ನಿಮ್ಮ ತೊಂದರೆಯಲ್ಲಿ ಹೆಚ್ಚಿನದಕ್ಕೆ ಒಂದೇ ಮೂಲ. ನೀವು ಉಂಗುರಕ್ಕೆ ತುಂಬಾ ಹತ್ತಿರ ಹೋಗುತ್ತಿದ್ದೀರಿ.

ಪಾಲಿಶ್ ಮಾಡಿದ ಚಿನ್ನವಾಗಲಿ, ವಜ್ರವಾಗಲಿ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ನೀವು ಉಂಗುರದ ಮೇಲೆ ಬಗ್ಗಿ ಫೋನನ್ನು ನಾಲ್ಕು ಬೆರಳಷ್ಟು ಹತ್ತಿರ ಹಿಡಿದರೆ ಅದರ ಎದುರಿಗೆ ಇರುವುದು ಕಪ್ಪು ಫೋನು, ಹಿಂದೆ ನಿಮ್ಮ ತಲೆ. ಬರಬೇಕಾದ ಬೆಳಕನ್ನು ಎರಡೂ ಸೇರಿ ತಡೆದಿರುತ್ತವೆ. ನಂಬಿಕೆ ಬರದಿದ್ದರೆ ಈಗಾಗಲೇ ತೆಗೆದ ಒಂದು ಫೋಟೊ ದೊಡ್ಡದು ಮಾಡಿ ನೋಡಿ. ಚಿನ್ನದ ಮೇಲೆ ಒಂದು ಕಪ್ಪು ಪಟ್ಟಿ ಬಾಗಿಕೊಂಡು ಹೋಗಿರುತ್ತದೆ, ಅದರ ಅಕ್ಕಪಕ್ಕ ಎರಡು ಮಸುಕಾದ ಗುಲಾಬಿ ಚುಕ್ಕೆ. ಪಟ್ಟಿ ನಿಮ್ಮ ಫೋನು, ಚುಕ್ಕೆ ಫೋನ್ ಹಿಡಿದ ಬೆರಳುಗಳು! ಮೊಟ್ಟೆಯಾಕಾರದ ಅಥವಾ ಎರಡೂ ತುದಿ ಚೂಪಾಗಿರುವ ಹರಳಾದರೆ ಇನ್ನೂ ಕಷ್ಟ, ನಡುವೆ ಚಿಟ್ಟೆಯ ರೆಕ್ಕೆ ಬಿಚ್ಚಿದ ಹಾಗೆ ಒಂದು ಕಪ್ಪು ನೆರಳು ಕೂರುತ್ತದೆ. ಹತ್ತಿರ ಹೋದಷ್ಟೂ ಅದು ಜಾಸ್ತಿ.

ಬೆರಳು ದಪ್ಪ ಕಾಣುವುದಕ್ಕೂ ಇದೇ ಕಾರಣ. ಫೋನ್ ಲೆನ್ಸ್‌ಗಳು ಅಗಲ ನೋಟದವು, ಹತ್ತಿರ ಇದ್ದದ್ದನ್ನು ಉಬ್ಬಿಸಿ ತೋರಿಸುತ್ತವೆ. ಅದೂ ಅಲ್ಲದೆ ಈಚಿನ ಎಷ್ಟೋ ಫೋನ್‌ಗಳ ಮುಖ್ಯ ಕ್ಯಾಮೆರಾಕ್ಕೆ ಒಂದು ಗೇಣಿಗಿಂತ ಹತ್ತಿರ ಬಂದರೆ ಫೋಕಸ್ಸೇ ಸಿಗುವುದಿಲ್ಲ. ಆಗ ಕೆಲವು ಫೋನ್‌ಗಳು ನಿಮ್ಮನ್ನು ಕೇಳದೇನೇ ಅಲ್ಟ್ರಾ ವೈಡ್ ಲೆನ್ಸ್‌ಗೆ ಹಾರುತ್ತವೆ. ಐಫೋನ್ 13 ಪ್ರೊ ಮತ್ತು ಆಮೇಲಿನ ಪ್ರೊ ಫೋನ್‌ಗಳಲ್ಲಿ ಹೀಗಾದಾಗ ಪರದೆ ಮೇಲೆ ಒಂದು ಸಣ್ಣ ಹೂವಿನ ಗುರುತು ಬರುತ್ತದೆ, ಅದನ್ನು ಒತ್ತಿ ಆಫ್ ಮಾಡಬಹುದು. ಕಡಿಮೆ ಬೆಲೆಯ ಫೋನ್‌ಗಳಲ್ಲಿ ತೀರಾ ಹತ್ತಿರದಿಂದ ತೆಗೆಯೋಕೆ ಮ್ಯಾಕ್ರೊ ಅಂತ ಕೊಟ್ಟಿರುವ 2 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆಯಲ್ಲ, ಅದನ್ನಂತೂ ಮರೆತುಬಿಡಿ. ಸುಮ್ನೆ ಲೆಕ್ಕಕ್ಕೆ ಇರುವುದು.

ಹಾಗಾಗಿ ಒಂದೂವರೆ ಎರಡು ಗೇಣು ಹಿಂದೆ ಹೋಗಿ, 2ಎಕ್ಸ್ ಜೂಮ್ ಒತ್ತಿ, ಅಲ್ಲಿಂದ ತೆಗೆಯಿರಿ. ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಇದ್ದರೆ ಸರಿ, ಇಲ್ಲದಿದ್ದರೂ 48 ಅಥವಾ 50 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 2ಎಕ್ಸ್‌ವರೆಗೆ ಏನೂ ಕೆಡುವುದಿಲ್ಲ. ಉಳಿದದ್ದನ್ನು ಆಮೇಲೆ ಕ್ರಾಪ್ ಮಾಡಿ. ಹರಳು ಚಿಕ್ಕದಾಗಿ ಕಾಣುತ್ತೆ ಅಂತ ಅನಿಸುತ್ತದೆ, ಗೊತ್ತು. 30 ಸೆಂಟಿನ (ಸೆಂಟು ಅಂದರೆ ವಜ್ರದ ತೂಕದ ಅಳತೆ) ದುಂಡು ವಜ್ರ ಅಂದರೆ ಅಡ್ಡಳತೆ ನಾಲ್ಕು ಮಿಲಿಮೀಟರ್ ಚಿಲ್ಲರೆ ಅಷ್ಟೇ. ಆದರೆ ಚಿಕ್ಕದಾಗಿ ಚೂಪಾಗಿ ಬಂದ ಹರಳನ್ನು ದೊಡ್ಡದು ಮಾಡಬಹುದು, ದೊಡ್ಡದಾಗಿ ಮಸುಕಾಗಿ ಬಂದದ್ದಕ್ಕೆ ಮದ್ದಿಲ್ಲ.

ಇನ್ನು ತೊಳೆಯುವುದು. ಹೊಸ ಉಂಗುರ, ತೊಳೆಯುವುದು ಯಾಕೆ ಅಂತೀರಾ? ಹಾಕಿಕೊಂಡು ಒಂದು ದಿನ ಆಗಿದ್ದರೂ ಸಾಕು. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಮಾತ್ರ ಗಟ್ಟಿಯಾಗಿ ಅಂಟುತ್ತದೆ. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಗ್ರೀಸ್ ಬಳಿದ ಮೇಜಿನ ಮೇಲೆ ಪುಡಿ ಮಾಡಿದ ಅದಿರನ್ನು ನೀರಿನ ಜೊತೆ ಹರಿಸುತ್ತಿದ್ದರು, ಕಲ್ಲು ಮಣ್ಣೆಲ್ಲ ಕೊಚ್ಚಿಕೊಂಡು ಹೋಗಿ ವಜ್ರ ಗ್ರೀಸ್‌ಗೆ ಅಂಟಿ ಉಳಿಯುತ್ತಿತ್ತು. ನಿಮ್ಮ ಬೆರಳಲ್ಲಿ ಆಗುವುದೂ ಅದೇ. ಕ್ರೀಮು, ತಲೆಗೆ ಹಚ್ಚಿದ ಎಣ್ಣೆ, ಎಲ್ಲಾ ಹೋಗಿ ಹರಳಿನ ಕೆಳಗೆ ಕೂರುತ್ತದೆ. ಮೇಲಿಂದ ಒಳಗೆ ಹೋದ ಬೆಳಕು ಹರಳಿನ ತಳದ ಮುಖಗಳಿಗೆ ಬಡಿದು ವಾಪಸ್ ಮೇಲೆ ಬಂದರೆ ತಾನೇ ಹೊಳಪು? ತಳದಲ್ಲಿ ಜಿಡ್ಡಿನ ಪದರ ಇದ್ದರೆ ಬೆಳಕಿನಲ್ಲಿ ಒಂದು ಪಾಲು ಅಲ್ಲಿಂದಲೇ ಸೋರಿಹೋಗುತ್ತದೆ. ಅದಕ್ಕೇ ಮೇಲೆ ಎಷ್ಟು ಒರೆಸಿದರೂ ಮಂಕು ಮಂಕೇ. ಉಗುರು ಬೆಚ್ಚಗಿನ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮಕ್ಕಳ ಮೆತ್ತನೆಯ ಟೂತ್‌ಬ್ರಷ್‌ನಲ್ಲಿ ಕೆಳಗಿನಿಂದ ಉಜ್ಜಿ, ಬಟ್ಟಲಲ್ಲಿ ಜಾಲಿಸಿ. ಸಿಂಕಿನ ತೂತಿನ ಮೇಲೆ ಮಾತ್ರ ಬೇಡ. ಆಮೇಲೆ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ.

ಇದು ವಜ್ರಕ್ಕೆ ಹೇಳಿದ್ದು. ಮುತ್ತು, ಹವಳ, ಪಚ್ಚೆ ಇರುವ ಉಂಗುರವನ್ನು ಸೋಪಿನ ನೀರಲ್ಲಿ ನೆನೆಸಬೇಡಿ. ಪಚ್ಚೆಯ ಸಣ್ಣ ಬಿರುಕುಗಳಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ, ಬಿಸಿನೀರು, ಸೋಪು ಅದಕ್ಕೆ ಆಗಿಬರುವುದಿಲ್ಲ. ಹಿಂದೆ ಮುಚ್ಚಿರುವ ಕುಂದಣದ ಕೆಲಸ ಆದರೆ ನೀರನ್ನೇ ತಾಗಿಸಬೇಡಿ, ಒಣ ಬಟ್ಟೆ ಸಾಕು. ಅಂದಹಾಗೆ ಉಂಗುರ ಒರೆಸಿದ ಮೇಲೆ ಫೋನಿನ ಲೆನ್ಸನ್ನೂ ಒರೆಸಿ. ಜೇಬು, ಬ್ಯಾಗು, ಅಡುಗೆಮನೆ ಎಲ್ಲಾ ಸುತ್ತಿ ಬಂದಿರುತ್ತದೆ, ಅರ್ಧ ಮಸುಕು ಅಲ್ಲೇ ಇರುತ್ತದೆ.

ಈಗ ಬೆಳಕು. ಅಂಗಡಿಯಲ್ಲಿ ಯಾಕೆ ಹಾಗೆ ಹೊಳೆಯುತ್ತದೆ ಅಂದರೆ ಮೇಲೆ ಹತ್ತಾರು ಚಿಕ್ಕ ಚಿಕ್ಕ ಸ್ಪಾಟ್‌ಲೈಟ್ ಇರುತ್ತವೆ. ಒಂದೊಂದು ದೀಪವೂ ಹರಳಲ್ಲಿ ಒಂದೊಂದು ಕಿಡಿ. ಮನೆಯ ಟ್ಯೂಬ್‌ಲೈಟ್ ಉದ್ದಕ್ಕೆ ಒಂದೇ ಸಮನೆ ಬೆಳಕು ಚೆಲ್ಲುತ್ತದೆ, ಕಿಡಿ ಹುಟ್ಟುವುದಿಲ್ಲ. ಹಾಗಂತ ಫೋನಿನ ಫ್ಲ್ಯಾಶ್ ಹಾಕಬೇಡಿ, ಅದು ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಬೆಳಕು ನೇರ ವಾಪಸ್ ಬಂದು ಎಲ್ಲಾ ಬೆಳ್ಳಗೆ ಸುಟ್ಟುಹೋಗುತ್ತದೆ.

ನಾನು ಮಾಡುವುದು ಹೀಗೆ. ಬೆಳಗ್ಗೆ ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಒಂದು ಸ್ಟೂಲು. ಮೋಡ ಮುಚ್ಚಿದ ದಿನ ಆದರೆ ಇನ್ನೂ ಚೆಂದ, ಮಳೆಗಾಲದ ಬೆಳಕು ಚಿನ್ನಕ್ಕೆ ಹೇಳಿ ಮಾಡಿಸಿದ್ದು. ಕಿಟಕಿಯ ಎದುರು ಬದಿಗೆ ಒಂದು ಬಿಳಿ ಹಾಳೆ ನಿಲ್ಲಿಸಿ, ಇನ್ವಿಟೇಶನ್ ಕಾರ್ಡಿನ ಹಿಂಬದಿಯೂ ಆಗುತ್ತದೆ. ಆ ಬಿಳುಪು ಚಿನ್ನದ ಮೇಲೆ ಪ್ರತಿಬಿಂಬವಾಗಿ ಬಿದ್ದು ಕಪ್ಪು ಪಟ್ಟಿಗಳೆಲ್ಲ ಹೋಗುತ್ತವೆ. ಮನೆಯ ಲೈಟುಗಳನ್ನೆಲ್ಲ ಆರಿಸಿ, ಇದು ಮುಖ್ಯ, ಕಿಟಕಿ ಬೆಳಕೂ ಹಳದಿ ಬಲ್ಬೂ ಬೆರೆತರೆ ಫೋನಿಗೆ ಯಾವುದು ಬಿಳಿ ಅಂತ ಗೊತ್ತಾಗದೆ ಚಿನ್ನವನ್ನು ಕಿತ್ತಳೆ ಮಾಡಿಬಿಡುತ್ತದೆ. ನಿಮಗೆ ಆಗಿರುವುದು ಬಹುಶಃ ಇದೇ. ಕೊನೆಗೆ ಮನೆಯಲ್ಲಿ ಇನ್ನೊಬ್ಬರ ಕೈಗೆ ಅವರ ಫೋನ್ ಕೊಟ್ಟು, ಟಾರ್ಚ್ ಹಾಕಿಸಿ, ಮೂರ್ನಾಲ್ಕು ಅಡಿ ದೂರದಿಂದ ಓರೆಯಾಗಿ ಬಿಡಿಸಿ. ಕಿಟಕಿಯಿಂದ ಚಿನ್ನಕ್ಕೆ ಮೈ, ಟಾರ್ಚಿನಿಂದ ಹರಳಿಗೆ ಕಿಡಿ. ಟಾರ್ಚ್ ಹಿಡಿದವರಿಗೆ ನಿಧಾನವಾಗಿ ಅತ್ತಿತ್ತ ಆಡಿಸಲು ಹೇಳಿ, ನೀವು ಒಂದೇ ಸಮ ಕ್ಲಿಕ್ ಮಾಡುತ್ತಾ ಹೋಗಿ. ಇಪ್ಪತ್ತರಲ್ಲಿ ಎರಡು ಸಿಕ್ಕಿದರೆ ಲಾಭವೇ.

ಕ್ಲಿಕ್ ಮಾಡುವ ಮೊದಲು ಹರಳಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಫೋಟೊ ಕೊಂಚ ಕತ್ತಲೆ ಅನಿಸಿದರೂ ಪರವಾಗಿಲ್ಲ. ಕೆಂಪು ಹರಳಿನ ಉಂಗುರಕ್ಕೆ ಇದು ಇನ್ನೂ ಅಗತ್ಯ, ಇಲ್ಲದಿದ್ದರೆ ಕೆಂಪೆಲ್ಲ ಕಲಸಿ ಕುಂಕುಮ ಮೆತ್ತಿದ ಹಾಗೆ ಆಗುತ್ತದೆ. ಪೋರ್ಟ್ರೇಟ್ ಮೋಡ್ ಬೇಡವೇ ಬೇಡ. ಹರಳನ್ನು ಹಿಡಿದಿರುವ ಸಣ್ಣ ಕೊಕ್ಕೆಗಳು ಯಾವುದು, ಹಿನ್ನೆಲೆ ಯಾವುದು ಅಂತ ಅದಕ್ಕೆ ತಿಳಿಯದೆ ಅರ್ಧ ಉಂಗುರವನ್ನೇ ಮಸುಕು ಮಾಡುತ್ತದೆ. ಬ್ಯೂಟಿ ಫಿಲ್ಟರ್ ಕೂಡ ಆಫ್.

ಹಿನ್ನೆಲೆಗೆ ಜನ ಏನೇನೋ ಇಡುತ್ತಾರೆ. ಅಕ್ಕಿ ರಾಶಿಯಲ್ಲಿ ಉಂಗುರ ಸಿಕ್ಕಿಸುವುದು ನನಗೆ ಒಂಚೂರೂ ಇಷ್ಟವಿಲ್ಲ. ಕಾಳು ಕಾಳಾಗಿ ಕಣ್ಣಿಗೆ ಚುಚ್ಚುತ್ತದೆ, ಅಕ್ಕಿಯ ಹುಡಿ ಬೇರೆ ಹರಳಿಗೆ ಮೆತ್ತುತ್ತದೆ. ಜರಿ ಸೀರೆಯೂ ಬೇಡ, ಜರಿಯೂ ಚಿನ್ನವೂ ಜಗಳಕ್ಕೆ ನಿಲ್ಲುತ್ತವೆ. ಸೀರೆಯೇ ಬೇಕು ಅಂದರೆ ಜರಿ ಇಲ್ಲದ ಒಡಲಿನ ಭಾಗ ಮಡಚಿ ಇಡಿ. ಹಳದಿ ಚಿನ್ನಕ್ಕೆ ವೀಳ್ಯದೆಲೆ ತುಂಬಾ ಒಪ್ಪುತ್ತದೆ, ಒರೆಸಿ ಒಣಗಿಸಿ ಇಡಿ. ಆದರೆ ವೈಟ್ ಗೋಲ್ಡ್ ಅಥವಾ ಪ್ಲಾಟಿನಂ ಆದರೆ ಎಲೆಯ ಹಸಿರು ಲೋಹಕ್ಕೆಲ್ಲ ಹತ್ತಿ ಪಾಚಿ ಹಿಡಿದ ಹಾಗೆ ಕಾಣುತ್ತದೆ, ಅದಕ್ಕೆ ಬೂದು ಬಣ್ಣದ ಬಟ್ಟೆಯೇ ಸರಿ. ಉಂಗುರ ನಿಲ್ಲದೆ ಉರುಳುತ್ತದೆ ಅಲ್ವಾ, ಕೆಳಗೆ ಹಿಂಬದಿಗೆ ಸಾಸಿವೆ ಕಾಳಷ್ಟು ಮೇಣ ಅಂಟಿಸಿ. ಆಮೇಲೆ ಸುಲಭವಾಗಿ ಬಿಟ್ಟುಬರುತ್ತದೆ.

ಕೈಯಲ್ಲಿ ಹಾಕಿಕೊಂಡು ತೆಗೆಯುವುದಾದರೆ ಮೊದಲು ಕೈಯನ್ನು ಒಂದು ನಿಮಿಷ ತಲೆಗಿಂತ ಮೇಲೆ ಎತ್ತಿ ಹಿಡಿಯಿರಿ, ಉಬ್ಬಿದ ನರ ಇಳಿಯುತ್ತದೆ. ಐದೂ ಬೆರಳು ಹರಡಿ ಕ್ಯಾಮೆರಾಕ್ಕೆ ತೋರಿಸಿದರೆ ಟ್ರಾಫಿಕ್ ಪೊಲೀಸರ ಕೈ ಆಗುತ್ತದೆ. ಕಾಫಿ ಲೋಟ ಹಿಡಿಯಿರಿ, ಸೆರಗಿನ ಅಂಚು ಹಿಡಿಯಿರಿ, ಇಲ್ಲವೇ ಒಂದು ಕೈ ಮೇಲೆ ಇನ್ನೊಂದು ಕೈ ಹಗುರವಾಗಿ ಇಡಿ. ಬೆರಳುಗಳು ತಾವಾಗಿಯೇ ಬಾಗಿ ತೆಳ್ಳಗೆ ಕಾಣುತ್ತವೆ. ಕೈ ಸ್ವಲ್ಪ ಓರೆಯಾಗಿರಲಿ. ಮೆಹಂದಿ ಹಾಕಿಸಿದ್ದರೆ ಎರಡನೇ ದಿನಕ್ಕೆ ಕಾಯಿರಿ, ಬಣ್ಣ ಕಡುವಾಗಿ ಏರಿರುತ್ತದೆ. ಕೈ ಒಣಗಿದೆ ಅಂತ ಎಣ್ಣೆ ಹಚ್ಚುವುದಿದ್ದರೆ ಉಂಗುರ ಹಾಕುವ ಮೊದಲೇ ಹಚ್ಚಿ ಒರೆಸಿಕೊಳ್ಳಿ. ಯಾಕೆ ಅಂತ ಮೇಲೆ ಹೇಳಿದೆನಲ್ಲ.

ಎಡಿಟ್ ಮಾಡುವಾಗ ಉಂಗುರವನ್ನು ಕಿಟಕಿ ಬೆಳಕಲ್ಲಿ ಕಣ್ಣೆದುರು ಇಟ್ಟುಕೊಂಡು, ಅದರ ಬಣ್ಣಕ್ಕೆ ಫೋಟೊ ಬಣ್ಣ ಹೊಂದಿಸಿ. 22 ಕ್ಯಾರೆಟ್ ಹಳದಿ ಬೇರೆ, ವಜ್ರದ ಉಂಗುರಕ್ಕೆ ಬಳಸುವ 18 ಕ್ಯಾರೆಟ್‌ನ ಹಳದಿ ಬೇರೆ, ಅದು ಸ್ವಲ್ಪ ತೆಳು. ತೆಳು ಇದೆ ಅಂತ ಹಳದಿ ಏರಿಸಿದರೆ ಉಮಾಗೋಲ್ಡ್ ನಕಲಿ ಒಡವೆ ಥರ ಕಾಣುತ್ತದೆ. ನಕ್ಷತ್ರ ಮಿನುಗುವ ಸ್ಟಿಕ್ಕರ್ ಎಲ್ಲಾ ಬೇಡ ರೀ.

ಮತ್ತೆ ಇಷ್ಟೆಲ್ಲಾ ಮಾಡಿ ತೆಗೆದದ್ದನ್ನು ಫ್ಯಾಮಿಲಿ ಗ್ರೂಪಿಗೆ ಸುಮ್ನೆ ಹಾಕಬೇಡಿ, ವಾಟ್ಸಾಪ್ ಹಿಂಡಿ ಕುಗ್ಗಿಸುತ್ತದೆ. ಎಚ್‌ಡಿ ಒತ್ತಿ ಕಳಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಎಷ್ಟು ಸೆಂಟು, ಎಷ್ಟಾಯಿತು ಅಂತ ಕೇಳುವವರಿಗೆ ಏನು ಹೇಳಬೇಕು ಅನ್ನುವುದು ನನ್ನ ಇಲಾಖೆ ಅಲ್ಲ.