ಹೂವು, ಋತುಗಳನ್ನು ನೋಡಿ ಬರವಣಿಗೆಗೆ, ಮನಸ್ಸಿಗೆ ಸ್ಫೂರ್ತಿ ಸಿಗುತ್ತಾ? ಕಲಬುರಗಿಯ ಬಿಸಿಲಲ್ಲಿ ಏನಿದೆ ನೋಡಲು?

ಸಿಗುತ್ತದೆ. ಆದರೆ ಕಂಡ ಹೂವಿನ ಹಿಂದೆಲ್ಲ ಓಡಬೇಡಿ. ಒಂದೇ ಹೊಲ ಆರಿಸಿಕೊಂಡು ವರ್ಷಪೂರ್ತಿ ನೋಡಿ.

ನನಗೆ ದಕ್ಕಿದ್ದು ಕುಸುಬಿ. ಹಿಂಗಾರಿಯಲ್ಲಿ ಎರೆಹೊಲದಲ್ಲಿ ಉಳಿದ ತೇವ ನಂಬಿ ಬೆಳೆಯುವ ಮುಳ್ಳಿನ ಗಿಡ. ಹೂವು ಮುಟ್ಟಲು ಹೋದರೆ ಬೆರಳಿಗೆ ಚುಚ್ಚುತ್ತದೆ. ಅರಳಿದಾಗ ಹಳದಿ, ಬಾಡುತ್ತಾ ಹೋದಂತೆ ಕೇಸರಿ, ಆಮೇಲೆ ಕೆಂಪು. ಬಾಡುವಾಗಲೇ ಬಣ್ಣ ಜಾಸ್ತಿ, ಎಷ್ಟು ಚೆಂದ ಅಲ್ವಾ! ಅಜ್ಜಿಯ ಕೊನೆಯ ದಿನಗಳ ಬಗ್ಗೆ ಬರೆಯಲಾಗದೆ ಕೂತಿದ್ದ ನನಗೆ ಮೊದಲ ಸಾಲು ಸಿಕ್ಕಿದ್ದು ಆ ಹೂವಿನ ಮುಂದೆಯೇ.

ಮುಂಗಾರಿಗೆ ಬಿತ್ತಿದ ತೊಗರಿ ದೀಪಾವಳಿಯ ಆಸುಪಾಸಿನಲ್ಲಿ ಹೂವಾಗಿರುತ್ತದೆ. ಆಗ ಮೋಡ ಕವಿದರೆ ರೈತರ ಎದೆ ಡವಡವ, ಹೂವು ಉದುರುವ ಭಯ. ಕೈಯಲ್ಲಿ ಏನೂ ಇಲ್ಲದೆ ಹಾಗೆ ಕಾಯುವುದು ನನಗಂತೂ ಪ್ರಾರ್ಥನೆಯೇ.

ಹೋಳಿ ಹೊತ್ತಿಗೆ ಎಲೆ ಉದುರಿದ ಮುತ್ತುಗದ ಕೊಂಬೆ ತುಂಬ ಕೆಂಡದಂಥ ಹೂವು. ನೀರಲ್ಲಿ ನೆನೆಸಿದರೆ ಕೇಸರಿ ಬಣ್ಣ ಬಿಡುತ್ತದೆ. ಮಕ್ಕಳ ಜೊತೆ ಮಾಡಿ ನೋಡಿ.

ಮನೆಯಲ್ಲಿ ಪೂಜೆ ಮಾಡುವಾಗ ನಿನ್ನೆಯ ಹೂವು ತೆಗೆದು ಇವತ್ತಿನದು ಇಡುತ್ತೀರಲ್ಲ, ಆ ಒಂದು ನಿಮಿಷ ಅವಸರ ಬೇಡ. ಸುಮ್ನೆ ಎರಡನ್ನೂ ನೋಡಿ. ಅನಿಸಿದ್ದನ್ನು ತಾರೀಖು ಹಾಕಿ ಬರೆದಿಡಿ.